ಸೆರಗು ಉಳಿಸಿದವನಿಂದ ತಪ್ಪಿಸಿಕೊಂಡದ್ದು

ಉಪಕಾರ ಮಾಡಲು ಬಂದವರನ್ನು ಕಂಡರೆ ನನಗೆ ಮೊದಲು ಹುಟ್ಟುವುದು ಕೃತಜ್ಞತೆಯಲ್ಲ, ಭಯ. ಹೇಳಿಕೊಳ್ಳಲು ನಾಚಿಕೆಯೇ, ಆದರೂ ಹೇಳುತ್ತೇನೆ. ಬಸ್ಸಿನಲ್ಲಿ ಯಾರಾದರೂ ಸರಿದು ಜಾಗ ಕೊಟ್ಟರೆ ಜೇಬು ಮುಟ್ಟಿ ನೋಡಿಕೊಂಡೇ ಕೂರುತ್ತೇನೆ. ಹೈಸ್ಕೂಲ್ ಮೇಷ್ಟ್ರಾಗಿ ಇಷ್ಟು ವರ್ಷ ಹಿಂದಿನ ಬೆಂಚನ್ನು ಅನುಮಾನಿಸಿ ಬಂದ ಅಭ್ಯಾಸ ಇರಬೇಕು. ನನ್ನ ಹೆಂಡತಿ ಮಂಜುಳಾ ತದ್ವಿರುದ್ಧ. ಮನೆ ಬೀಗದ ಕೈ ಎಲ್ಲಿಡುತ್ತೇವೆಂದು ಸೊಪ್ಪು ಮಾರುವವಳಿಗೂ ಹೇಳಿಬಿಡುವವಳು. ಹಾಗಾಗಿ ಅವಳ ಪಾಲಿನ ಭಯವನ್ನೂ ನಾನೇ ಪಡಬೇಕು.

ಮೊನ್ನೆ ನಿಟ್ಟೂರಿನಲ್ಲಿ ಅವಳ ಅಕ್ಕನ ಮಗಳ ಸೀಮಂತವಿತ್ತು. ಬೆಳಿಗ್ಗೆಯೇ ಶೆಟ್ಟಿಹಳ್ಳಿಯಿಂದ ಬೈಕಿನಲ್ಲಿ ಹೊರಟೆವು. ಅವಳು ರೇಷ್ಮೆ ಸೀರೆ ಉಟ್ಟು ಎರಡೆಳೆ ಸರ ಹಾಕಿದ್ದಳು. "ಸರ ಒಳಗೆ ಹಾಕ್ಕೊಳೇ" ಎಂದೆ. "ಒಳಗೆ ಹಾಕ್ಕೊಳ್ಳೋಕೆ ಸರ ಯಾಕ್ರೀ ಬೇಕು?" ಎಂದಳು. ನಾನು ಗಾಡಿ ಸ್ಟಾರ್ಟ್ ಮಾಡಿದೆ.

ಹೆಗ್ಗೆರೆ ದಾಟಿದ ಮೇಲೆ ಕನ್ನಡಿಯಲ್ಲಿ ಅವನು ಕಂಡ. ಬೈಕಿನ ಮೇಲಿದ್ದ, ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ, ಕಣ್ಣೆರಡೇ ಕಾಣುತ್ತಿದ್ದವು. ಹಾರನ್ ಹೊಡೆದ. ದಾರಿ ಬಿಟ್ಟರೂ ಮುಂದೆ ಹೋಗಲಿಲ್ಲ. ಪಕ್ಕಕ್ಕೆ ಬಂದು ಮಂಜುಳಾ ಕಡೆ ಕೈ ಚಾಚಿದ. ಪೇಪರಿನಲ್ಲಿ ಓದಿದ ಸರಗಳ್ಳರೆಲ್ಲ ಒಟ್ಟಿಗೆ ನೆನಪಾದರು. "ಗಟ್ಟಿಯಾಗಿ ಹಿಡ್ಕೋ!" ಎಂದು ಕೂಗಿ ಆಕ್ಸಿಲರೇಟರ್ ತಿರುವಿದೆ. ನನ್ನ ಬೈಕಿಗೆ ಅರವತ್ತು ದಾಟುವ ಶಕ್ತಿ ಇದೆಯೆಂದು ಗೊತ್ತಾದದ್ದು ಅಂದೇ. ಅವನೂ ಏನೋ ಅರಚುತ್ತ ಬೆನ್ನು ಹತ್ತಿದ. "ಪೊಲೀಸ್ರಿಗೆ ಹೇಳ್ತೀನಿ ಕಣೋ, ಕಳ್ಳ ನನ್ಮಗ್ನೆ!" ಎಂದು ನಾನೂ ಅರಚಿದೆ.

ಮಂಜುಳಾ ಬೆನ್ನಿಗೆ ಗುದ್ದಿದಳು. "ರೀ, ನಿಲ್ಸ್ರೀ! ಸೆರಗು, ಸೆರಗು ಅಂತಿದಾರೆ ಅವ್ರು!"

ನಿಲ್ಲಿಸಿ ನೋಡಿದರೆ ಸೆರಗಿನ ತುದಿ ಹಿಂದಿನ ಚಕ್ರದ ಪಕ್ಕ ಜೋತಾಡುತ್ತಿತ್ತು. ಜರಿಗೆ ಆಗಲೇ ಚೈನಿನ ಎಣ್ಣೆ ಮೆತ್ತಿತ್ತು. ಸೀರೆ ಸಿಕ್ಕಿಕೊಳ್ಳದಂತೆ ಚಕ್ರಕ್ಕೆ ಅಡ್ಡ ಇರುವ ಕಂಬಿ ಮುರಿದು ಎಷ್ಟೋ ತಿಂಗಳಾಗಿತ್ತು. "ಭಾನುವಾರ ಹಾಕಿಸ್ತೀನಿ" ಎಂದು ನಾನು ಪ್ರತಿ ಸೋಮವಾರ ಹೇಳುತ್ತಿದ್ದೆ. ಇನ್ನೊಂದಿಷ್ಟು ಒಳಗೆ ಹೋಗಿದ್ದರೆ ಸರದ ಮಾತು ಹಾಗಿರಲಿ, ಮಂಜುಳಾಳೇ ಉಳಿಯುತ್ತಿರಲಿಲ್ಲ. ಬಗ್ಗಿ ಸೆರಗನ್ನು ಎತ್ತಿ ಅವಳ ಕೈಗೆ ಕೊಟ್ಟೆ. ತಲೆಯೆತ್ತುವಷ್ಟರಲ್ಲಿ ಅವನು ಮುಂದೆ ಹೋಗಿಬಿಟ್ಟಿದ್ದ.

"ನಡೀರಿ, ಒಂದ್ ಮಾತು ಹೇಳ್ಬೇಕು ಅವ್ರಿಗೆ" ಎಂದು ಮಂಜುಳಾ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ಈಗ ನಾನು ಹಾರನ್ ಹೊಡೆಯುತ್ತ ಅವನ ಹಿಂದೆ ಹೋದೆ. ಅವನು ತಿರುಗಿ ನೋಡಿದವನೇ ಇನ್ನೂ ಜೋರಾಗಿ ಓಡಿಸಿದ. ಗುಬ್ಬಿಯ ಹತ್ತಿರ ಕುರಿಮಂದೆಯೊಂದು ರಸ್ತೆಗೆ ಅಡ್ಡ ಬಂದಿರದಿದ್ದರೆ ಸಿಕ್ಕುತ್ತಲೇ ಇರಲಿಲ್ಲ.

ಟವೆಲ್ ಬಿಚ್ಚಿದಾಗ ನೋಡಿದೆ: ನನ್ನದೇ ವಯಸ್ಸಿನ ರೈತ, ಹಿಂದೆ ಕೊಬ್ಬರಿ ಚೀಲ ಕಟ್ಟಿದ್ದ. ನಾನು ಬಾಯಿ ತೆಗೆಯುವ ಮೊದಲೇ ಕೈ ಮುಗಿದ. "ಹೆಂಗುಸ್ರ ಕಡೆ ಕೈ ತೋರ್ಸಿದ್ದು ತಪ್ಪಾಯ್ತು ಕಣಣ್ಣಾ. ಎಷ್ಟ್ ಕೂಗುದ್ರೂ ನಿಂಗೆ ಕೇಳಿಸ್ಲಿಲ್ಲ. ಜಗಳ ಬ್ಯಾಡ, ಬುಡು."

ಮುಕ್ಕಾಲು ಗಂಟೆ ನಿಲ್ಲದೆ ಪಾಠ ಮಾಡುವ ನಾನು ಬರೀ ಕೈ ಮುಗಿದೆ. ಮಂಜುಳಾಳೇ ಹೇಳಿದಳು: "ಜಗಳಕ್ಕಲ್ಲಣ್ಣ, ಥ್ಯಾಂಕ್ಸ್ ಹೇಳೋಕೆ ಬಂದ್ವಿ. ಇವ್ರಿಗೆ ಹೆದರಿಕೆ ಜಾಸ್ತಿ, ಮನಸ್ಸಿಗೆ ಹಾಕ್ಕೋಬೇಡಿ."

"ಅದ್ಕಾ ಇಷ್ಟ್ ದೂರ ಅಟ್ಟಿಸ್ಕಂಡ್ ಬಂದ್ರಿ!" ಎಂದು ಅವನು ನಕ್ಕ. ಆಮೇಲೆ ಕುರಿಗಳ ಕಡೆ ನೋಡುತ್ತ, "ನಮ್ ತಂಗಿಗೂ ಹಿಂಗೇ ಆಗಿತ್ತಕ್ಕಾ. ಅವತ್ತು ಹಿಂದೆ ಬರ್ತಿದ್ದೋರು ಯಾರೂ ಕೂಗ್ಲಿಲ್ಲ" ಎಂದ. ಕುರಿಗಳು ದಾಟಿದವು, ಅವನೂ ಹೋದ. ಹೆಸರನ್ನೂ ಕೇಳಲಿಲ್ಲ ನಾನು.

ಅಂದಿನಿಂದ ಹಿಂದೆ ಯಾರು ಹಾರನ್ ಹೊಡೆದರೂ ಗಾಡಿ ನಿಲ್ಲಿಸಿ ಕೈ ಮುಗಿಯುತ್ತೇನೆ. ನಿನ್ನೆ ಒಬ್ಬ ಲಾರಿ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, "ಏನ್ಲಾ, ರೋಡು ನಿಮ್ಮಪ್ಪಂದಾ?" ಎಂದ. ಭಕ್ತಿಯಿಂದ ನಮಸ್ಕಾರ ಮಾಡಿದೆ. ಅವನು ಗಾಬರಿಯಿಂದ ಗಾಜು ಏರಿಸಿಕೊಂಡು ಹೊರಟೇಹೋದ. ಪಾಪ, ಅವನೂ ನನ್ನಂಥವನೇ ಇರಬೇಕು.