ದಾಲ್ಚಿನ್ನಿ ಎಣ್ಣೆಯೂ ತೊಟ್ಟಿಯ ಲೋಳೆಯೂ

ನಂಬದವರು ಈಗಲೇ ಎದ್ದು ಹೋಗ್ರಿ, ನನಗೇನೂ ಬೇಜಾರಿಲ್ಲ. ಮುಂಡಗೋಡದ ಚಿಗಳ್ಳಿಯ ಹೊಲದಲ್ಲಿ ಬೆಳೆದ ನಾನು ದಾಂಡೇಲಿಯ ಕಾಲೇಜೊಂದರ ಲ್ಯಾಬಿನಲ್ಲಿ ಅಟೆಂಡರ್. ಎಲೆ ಕುದಿಸಿ ಎಣ್ಣೆ ಇಳಿಸುವವನು ನಾನೇ. ಅದನ್ನು ನೀರಿನ ಬ್ಯಾಕ್ಟೀರಿಯಾದ ಮೇಲೆ ಹಾಕಿ ನೋಡುವವರು ಮೇಡಂ. ಹೀಗಾಗಿ ಅಲ್ಲಿ ಏನೇ ನಡೆದರೂ ನಡುವೆ ನಾನು ಇದ್ದೇ ಇರುತ್ತೇನೆ.

೧. ಮೂಗು

ಒಮ್ಮೆ ತೊಳೆಯುವಾಗ ಬಾಟಲಿಗಳ ಚೀಟಿಗಳೆಲ್ಲ ಕಿತ್ತುಹೋದವು. ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತರು.

"ನನ್ನ ಮೂಗಿಗೆ ಚೀಟಿ ಬೇಕಾಗಿಲ್ಲರಿ" ಅಂದೆ. ಮೂಸಿ ಹೇಳುತ್ತ ಹೋದೆ: ತುಳಸಿ, ಮಜ್ಜಿಗೆಹುಲ್ಲು, ದಾಲ್ಚಿನ್ನಿ ಎಲೆ. ಮೂರೂ ಸರಿ. ನಾಲ್ಕನೆಯದನ್ನು ಕಣ್ಣು ಮುಚ್ಚಿ ಎಳೆದುಕೊಂಡೆ. "ಇದು ಜೋಯಿಡಾ ಕಾಡಿನ ಯಾವುದೋ ಬೇರು. ಭಾಳ ಅಪರೂಪದ್ದು."

"ಅದು ನಿನ್ನ ತಲಿಗೆ ಹಚ್ಚೂ ಎಣ್ಣಿ" ಅಂದರು ಮೇಡಂ. "ನೀನ ಇಲ್ಲಿ ಮರತು ಇಟ್ಟೀದಿ."

೨. ಹೊಸ ಪ್ಯಾಂಟು

ಹಳಿಯಾಳದ ಕಡೆ ಸಿದ್ದಿಗಳ ಒಂದು ಸಣ್ಣ ಹಳ್ಳಿಗೆ ನೀರಿನ ಮಾದರಿ ತರಲು ಹೋದೆವು. ಅಲ್ಲಿನ ಒಬ್ಬ ಅಜ್ಜಿಯ ಮೊಮ್ಮಗನಿಗೆ ಭೇದಿಯಾಗಿ ಎರಡು ಸಲ ಆಸ್ಪತ್ರೆಗೆ ಸೇರಿಸಿದ್ದರು. ಹುಡುಗನ ಕಾಲು ಬಿದಿರುಕಡ್ಡಿಯಂತೆ ಆಗಿತ್ತು.

ಮೇಡಂ ಊರ ತೊಟ್ಟಿಯ ಒಳಗೋಡೆಯನ್ನು ಬೆರಳಿಂದ ಸವರಿದರು. ಲೋಳೆ ಬಂತು. "ಬ್ಯಾಕ್ಟೀರಿಯಾ ಈ ಲೋಳಿ ಹೊದ್ದುಕೊಂಡು ಒಳಗ ಕೂತಿರ್ತಾವ. ಬ್ಲೀಚಿಂಗ್ ಪುಡಿ ಬರೇ ಮ್ಯಾಲೆ ಹರಿದು ಹೋಗ್ತದ. ಮೊದಲ ತಿಕ್ಕಬೇಕು."

"ತಿಕ್ಕೂ ಕಾಲ ಹೋತು ಅಜ್ಜಿ" ಅಂದೆ ನಾನು. "ನನ್ನ ಎಣ್ಣಿ ಐತಿ. ಮೊಮ್ಮಗ ಮತ್ತ ಆಸ್ಪತ್ರಿಗೆ ಹೋದರ ನನ್ನ ಹೆಸರು ಬದಲಿಸ್ರಿ."

"ಹೆಸರು ಆಮ್ಯಾಲೆ ನೋಡೂಣು ತಮ್ಮಾ. ಈಗ ತೊಟ್ಟಿಗೆ ಇಳೀತಿ ಏನ?"

ಪ್ಯಾಂಟು ಹೊಸದು ಅಂತ ಹೇಳಿ ಜೀಪು ಹತ್ತಿದೆ.

೩. ಹಠ

ಲ್ಯಾಬಿನ ಗಾಜಿನ ತಟ್ಟೆಯಲ್ಲಿ ದಾಲ್ಚಿನ್ನಿ ಎಣ್ಣೆಯ ಹನಿ ಬಿದ್ದ ಸುತ್ತ ಬ್ಯಾಕ್ಟೀರಿಯಾ ಬೆಳೆಯಲೇ ಇಲ್ಲ. ಎದೆ ಉಬ್ಬಿಸಿ ನಿಂತೆ. ಮೇಡಂ ಆ ತೊಟ್ಟಿಯ ಲೋಳೆಯ ಚೂರಿಗೂ ಅದೇ ಎಣ್ಣೆ ಹಾಕಿ, ಮರುದಿನ ಕೆರೆದು ನೋಡಿದರು.

"ಮ್ಯಾಲಿನವು ಸತ್ತಾವ. ಒಳಗಿನವು ಜೀವಂತ ಅದಾವ."

"ನಮ್ಮ ಮುಂಡಗೋಡದವು ಇರಬೇಕ್ರಿ" ಅಂದೆ. "ಹಠ ಭಾಳ."

೪. ಸನ್ಮಾನ

ಆದರೂ ಮಾತು ಕೊಟ್ಟಿದ್ದೆನಲ್ಲ. ಮೇಡಂಗೆ ಹೇಳದೆ, ಜೋಯಿಡಾದ ದಾಲ್ಚಿನ್ನಿ ಎಲೆಯಿಂದ ಇಳಿಸಿಟ್ಟಿದ್ದ ಎಣ್ಣೆಯನ್ನಷ್ಟೂ ಒಯ್ದು ಆ ತೊಟ್ಟಿಗೆ ಸುರಿದೆ. ಎಣ್ಣೆ ನೀರಿಗೆ ಬೆರೆಯಲಿಲ್ಲ. ದಾಲ್ಚಿನ್ನಿ ಎಣ್ಣೆ ನೀರಿಗಿಂತ ಭಾರ, ತಳಕ್ಕಿಳಿದು ನೇರ ನಳದಲ್ಲಿ ಬಂತು.

ಮರುದಿನ ಬೆಳಿಗ್ಗೆ ಅಜ್ಜಿಯ ಫೋನು. "ತಮ್ಮಾ, ಎಮ್ಮಿ ನೀರು ಮೂಸಿ ಹಿಂದಕ್ಕ ಸರೀತು. ನಾ ನಳ ಬಂದ್ ಮಾಡಿಸೇನಿ, ಯಾರಿಗೂ ಕುಡಿಯಾಕ ಬಿಟ್ಟಿಲ್ಲ. ಮೊಮ್ಮಗ ಮಾತ್ರ ಕೊಡದ ಮುಂದ ಕೂತಾನ. ಪಲಾವಿಗೆ ಅಕ್ಕಿ ಯಾವಾಗ ಹಾಕ್ತೀರಿ ಅಂತ ಕೇಳಾಕತ್ಯಾನ."

ಮೇಡಂಗೆ ಹೇಳದೆ ದಾರಿ ಇರಲಿಲ್ಲ. ಅವರು ಬಂದು ತೊಟ್ಟಿ ಖಾಲಿ ಮಾಡಿಸಿದರು. ಲೋಳೆ ಇದ್ದಲ್ಲೇ ಇತ್ತು, ಈಗ ಘಮಘಮ ಅನ್ನುತ್ತಿತ್ತು. ಅವರು ನನ್ನನ್ನು ಬೈಯಲಿಲ್ಲ. ಹುಡುಗನ ಕಡೆ ಒಮ್ಮೆ ನೋಡಿದರು, ಅಷ್ಟೇ. ಬೈದಿದ್ದರೆ ಚಲೋ ಇತ್ತು.

ಪ್ಯಾಂಟು ಮಡಚಿ ಇಳಿದೆ. ಎರಡು ದಿನ ತಿಕ್ಕಿದೆ. ಆಮೇಲೆ ಬ್ಲೀಚಿಂಗ್ ಪುಡಿ ಹಾಕಿ ತೊಳೆದು ನೀರು ತುಂಬಿಸಿದೆವು. ಮುಂದೆ ತಿಂಗಳಿಗೊಮ್ಮೆ ಹೋಗಿ ತಿಕ್ಕಿದೆ. ಆ ಮಳೆಗಾಲ ಪೂರ್ತಿ ಹುಡುಗ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ.

ಮಳೆ ನಿಂತ ಮೇಲೆ ಅಜ್ಜಿ ಫೋನು ಮಾಡಿದಳು. "ಊರವರೆಲ್ಲ ಕೂಡ್ತೇವಿ, ಬಾ. ನಿನಗೊಂದು ಕೊಡೂದೈತಿ."

ಶಾಲು ಅಂತ ಗೊತ್ತೇ ಇತ್ತು. ಇಸ್ತ್ರಿ ಅಂಗಿ ಹಾಕಿ, ತಲೆಗೆ ಆ ಅಪರೂಪದ ಎಣ್ಣೆ ಹಚ್ಚಿಕೊಂಡು ಹೋದೆ. ಊರು ತೊಟ್ಟಿಯ ಸುತ್ತ ನಿಂತಿತ್ತು. ಅಜ್ಜಿ ಸೆರಗಿನೊಳಗೆ ಕೈ ಹಾಕಿದಳು. ಶಾಲು ಹೊದಿಸಲು ಅನುಕೂಲವಾಗಲಿ ಅಂತ ಬಗ್ಗಿ ನಿಂತೆ.

"ಹಳೇದು ಸವದೈತಿ ತಮ್ಮಾ" ಅಂದಳು.

ಕೈಗೆ ಕೊಟ್ಟದ್ದು ಹೊಸದೊಂದು ತೆಂಗಿನ ನಾರಿನ ಬ್ರಷ್.