ಶರಣಪ್ಪ ಮಾಸ್ತರರಿಗಾಗಿ ನಾನು ಹೊಡೆದ ಮೂರು ನಕ್ಷತ್ರ

ಎಂಬತ್ತರ ದಶಕ ಮುಗಿಯುತ್ತ ಬಂದಾಗ ರಾಯಚೂರಿನ ನಮ್ಮ ಶಿಕ್ಷಣ ಇಲಾಖೆಯ ಕಚೇರಿಗೆ ಒಂದು ಕಂಪ್ಯೂಟರ್ ಬಂತು. ಅದಕ್ಕೆ ಸೆಕೆ ಆಗಬಾರದೆಂದು ಒಂದು ಕೂಲರ್ ಬಂತು. ಮೂವತ್ತು ಬೇಸಿಗೆ ಬೆಂದ ನಮ್ಮ ಹೆಡ್‌ಕ್ಲಾರ್ಕರಿಗಾಗಿ ಯಾರೂ ಕೂಲರ್ ತಂದಿರಲಿಲ್ಲ. ಗುಲ್ಬರ್ಗಾದಲ್ಲಿ ಹತ್ತು ದಿನ ತರಬೇತಿ ಪಡೆದು ಬಂದ ಏಕೈಕ ವ್ಯಕ್ತಿ ನಾನಾದ್ದರಿಂದ ಆ ಕೋಣೆಯ ಬೀಗದಕೈ, ಕೂಲರಿನ ಗಾಳಿ, ಸಹೋದ್ಯೋಗಿಗಳ ಹೊಟ್ಟೆಯುರಿ ಮೂರೂ ನನ್ನ ಪಾಲಿಗೆ ಬಂದವು.

ತರಬೇತಿಯಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಒಂದೇ ವಿದ್ಯೆ. ಪಟ್ಟಿಯಲ್ಲಿ ಹೆಸರು ಹುಡುಕುವಾಗ ಕಾಗುಣಿತ ಗೊತ್ತಿಲ್ಲದ ಜಾಗದಲ್ಲಿ ನಕ್ಷತ್ರದ ಚಿಹ್ನೆ ಹೊಡೆಯಬೇಕು. ನಕ್ಷತ್ರವೆಂದರೆ ‘ಇಲ್ಲಿ ಏನಿದ್ದರೂ ಸರಿ’ ಎಂದು ಅರ್ಥ. ಊಟದ ಹೊತ್ತಿನಲ್ಲಿ ಇದನ್ನು ಹೆಂಡತಿ ನೀಲಮ್ಮನಿಗೂ ವಿವರಿಸಿದೆ.

“ಹಂಗಾದ್ರ ಸಂತಿಗಿ ಹೋಗಿ ‘ಬ’ ನಕ್ಷತ್ರ ತರ್ರಿ ಅಂದ್ರ ನೀವೇನು ತರ್ತೀರಿ?” ಎಂದು ಕೇಳಿದಳು.

“ಬದನಿಕಾಯಿ.”

“ಬಟಾಣಿ ಯಾಕಲ್ಲ? ಬಳಿ ಯಾಕಲ್ಲ?”

“ಇದು ವಿಜ್ಞಾನ. ನಿನಗ ತಿಳಿಯಂಗಿಲ್ಲ,” ಎಂದು ಗಂಭೀರವಾಗಿ ಕೈ ತೊಳೆದುಕೊಂಡೆ.

ನಮ್ಮ ಸಾಹೇಬರು ಮೂಲತಃ ಮಸರಕಲ್ಲಿನವರು. ಮೂರನೇ ತರಗತಿಯವರೆಗೆ ಅಲ್ಲಿ ಓದಿ ಊರು ಬಿಟ್ಟವರು. ಈಗ ರಾಯಚೂರಿನಿಂದಲೂ ವರ್ಗವಾಗಿತ್ತು. ಹೋಗುವ ಮುಂಚೆ ಅವರಿಗೊಂದು ಆಸೆ. ತಮಗೆ ಅಕ್ಷರ ತಿದ್ದಿಸಿದ ಶರಣಪ್ಪ ಮಾಸ್ತರರನ್ನು ಕರೆಸಿ, ಶಾಲು ಹೊದಿಸಿ, ಕಾಲಿಗೆ ಬೀಳಬೇಕು. ಜಿಲ್ಲೆಯ ನಿವೃತ್ತ ಶಿಕ್ಷಕರ ಪಟ್ಟಿ ನಮ್ಮ ಕಂಪ್ಯೂಟರಿನಲ್ಲೇ ಇತ್ತು.

“ಬಾಳ ವಯಸ್ಸಾಗಿರಬೇಕು ಅವರಿಗಿ. ಸಿಗ್ತಾರೇನ್ರಿ?” ಎಂದಾಗ ಸಾಹೇಬರ ದನಿ ಮೆತ್ತಗಾಗಿತ್ತು.

“ಎಲ್ಲಿದ್ರೂ ಹಿಡಕೊಂಡು ಬರ್ತೀನ್ರಿ ಸರ್,” ಎಂದೆ, ಪೊಲೀಸನ ಹಾಗೆ.

ಪಟ್ಟಿ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಶರಣಪ್ಪ ಎಂಬುದನ್ನು ಒಬ್ಬೊಬ್ಬ ಗುಮಾಸ್ತ ಒಂದೊಂದು ಬಗೆಯಲ್ಲಿ ಬರೆದಿರುತ್ತಾನೆ. ಆದ್ದರಿಂದ ‘ಶ’ ಆದಮೇಲೆ ಒಂದು ನಕ್ಷತ್ರ, ‘ರ’ ಆದಮೇಲೆ ಒಂದು, ‘ನ’ (ಇಂಗ್ಲಿಷಿನಲ್ಲಿ ‘ಣ’ಕ್ಕೂ ಅದೇ ಅಕ್ಷರ) ಆದಮೇಲೆ ಇನ್ನೊಂದು ಹೊಡೆದೆ. ಸಿಕ್ಕ ಹೆಸರನ್ನು ವಿಳಾಸದ ಸಮೇತ ನೇರವಾಗಿ ಚೀಟಿಯ ಮೇಲೆ ಅಚ್ಚು ಮಾಡೆಂದು ಯಂತ್ರಕ್ಕೆ ಆಜ್ಞಾಪಿಸಿ ಚಹಾ ಕುಡಿಯಲು ಹೋದೆ.

ಹೆಸರಿನ ಜಾಗದಲ್ಲಿ ಬರೀ ‘ಪೂಜ್ಯ ಗುರುಗಳೇ’ ಎಂದಿದ್ದ ಆಮಂತ್ರಣ ಪತ್ರ ಮೊದಲೇ ಸಿದ್ಧವಿತ್ತು. ಚೆನ್ನಾಗಿ ಮೂಡಿದ ಒಂದನ್ನು ಆರಿಸಲೆಂದು ಐವತ್ತು ಪ್ರತಿ ತೆಗೆಸಿದ್ದೆ. ನಮ್ಮ ಜವಾನ ಖಾಸಿಂಸಾಬ್ ಬಹಳ ಚುರುಕಿನ ಮನುಷ್ಯ. ನಾನು ಮರಳುವಷ್ಟರಲ್ಲಿ ಚೀಟಿಗಳನ್ನು ಲಕೋಟೆಗೆ ಅಂಟಿಸಿ, ಒಂದೊಂದರಲ್ಲಿ ಒಂದೊಂದು ಪತ್ರವಿಟ್ಟು, ಅಂಚೆಗೂ ಹಾಕಿ ಬಂದಿದ್ದ.

“ಎಲ್ಲಾ ಹೋದ್ವು ಸಾಬ್,” ಎಂದ.

ಆ ‘ಎಲ್ಲಾ’ ಎಂಬ ಪದಕ್ಕೆ ನಾನು ಗಮನ ಕೊಡಲಿಲ್ಲ.

ಸನ್ಮಾನದ ದಿನ ಹತ್ತು ಗಂಟೆಗೆ ದೇವದುರ್ಗದಿಂದ ಬಿಳಿ ರುಮಾಲಿನ ಹಿರಿಯರೊಬ್ಬರು ಬಂದರು. ಶರಣಬಸಪ್ಪ ಮಾಸ್ತರರಂತೆ. ಅವರ ಹಿಂದೆ ಶಂಕರಣ್ಣ ಮಾಸ್ತರರು. ಅವರ ಹಿಂದೆ ಮಗಳ ಕೈ ಹಿಡಿದುಕೊಂಡು ಶ್ರೀನಿವಾಸಾಚಾರ್ಯರು. ಹೆಸರಿನಲ್ಲಿ ಶ, ರ, ನ ಇದೇ ಕ್ರಮದಲ್ಲಿ ಇರುವ ಪ್ರತಿಯೊಬ್ಬರೂ ಬರುತ್ತಿದ್ದಾರೆಂದು ನನಗೆ ಹೊಳೆದದ್ದು ಮಾನ್ವಿಯ ಶಹರಬಾನು ಟೀಚರ್ ರಿಕ್ಷಾದಿಂದ ಇಳಿದಾಗ.

“ಮಸರಕಲ್ ಸಾಲಿ ನಾ ಕಣ್ಣಿಲೆ ನೋಡಿಲ್ಲಪ್ಪ,” ಎಂದು ಅವರು ಪತ್ರ ಬಿಡಿಸಿ ತೋರಿಸಿದರು. “ಆದ್ರ ‘ನನಗೆ ಅಕ್ಷರ ಕಲಿಸಿದವರು ತಾವು’ ಅಂತ ಬರದ್ರ ಬರಲಾರದ ಹೆಂಗಿರ್ಲಿ?”

ಹನ್ನೊಂದು ಗಂಟೆಯ ಹೊತ್ತಿಗೆ ವರಾಂಡದಲ್ಲಿ ಹತ್ತೊಂಬತ್ತು ಗುರುಗಳು. ಶಾಲು ಒಂದೇ. ಹಾರ ಒಂದೇ.

ಅಷ್ಟರಲ್ಲಿ ಸಾಹೇಬರು ಬಂದರು. ಯಾರನ್ನೂ ಏನೂ ಕೇಳದೆ ಮೊದಲು ಕಂಡ ಬಿಳಿ ರುಮಾಲಿನವರ ಕಾಲಿಗೆ ಬಿದ್ದೇಬಿಟ್ಟರು. ಶರಣಬಸಪ್ಪ ಮಾಸ್ತರರು ಅವರನ್ನು ಎಬ್ಬಿಸಿದರು.

“ನಾ ದೇವದುರ್ಗದಾಗ ಕಲಿಸಿದಾಂವ. ನೀ ಯಾರಂತ ನೆನಪಾಗವಲ್ದು ತಮ್ಮಾ. ಇರ್ಲಿ, ಬಿದ್ದೀದಿ, ಆಶೀರ್ವಾದ ತಗೊ.”

ಸಾಹೇಬರು ಹತ್ತೊಂಬತ್ತು ಮುಖಗಳನ್ನು ಒಂದೊಂದಾಗಿ ನೋಡಿ ಕೊನೆಗೆ ನನ್ನ ಮುಖ ನೋಡಿದರು. ಕೂಲರಿಲ್ಲದ ವರಾಂಡದಲ್ಲೂ ನನಗೆ ಚಳಿ ಹತ್ತಿತು. ಮೂರು ನಕ್ಷತ್ರಗಳ ಕಥೆಯನ್ನು ನಿಂತಲ್ಲೇ ಒಪ್ಪಿಸಿದೆ. ಹೋಂವರ್ಕ್ ಮಾಡದ ಹುಡುಗನ ನೆಪ ಕೇಳುವ ಮುಖದಲ್ಲಿ ಎಲ್ಲ ಗುರುಗಳೂ ಕೇಳಿದರು.

“ಮಸರಕಲ್ಲಿನಾಂವ ಅಂದ್ರ ಕೆ. ಶರಣಪ್ಪ,” ಎಂದರು ಶಂಕರಣ್ಣ ಮಾಸ್ತರರು. “ಈಗ ಗಬ್ಬೂರಾಗ ಮಗಳ ಮನ್ಯಾಗ ಇದಾನ.”

ಒಳಗೆ ಓಡಿ ನೋಡಿದೆ. ಪಟ್ಟಿಯಲ್ಲಿ ಅವರೂ ಇದ್ದರು. ಆದರೆ ಅವರ ಹೆಸರು ‘ಕೆ’ಯಿಂದ ಶುರುವಾಗಿತ್ತು. ನಾನು ಕೇಳಿದ್ದು ‘ಶ’ದಿಂದ ಶುರುವಾಗುವವರನ್ನು ಮಾತ್ರ. ಎಲ್ಲಕ್ಕಿಂತ ಮುಂದೆ ಒಂದು ನಕ್ಷತ್ರ ಹೊಡೆದಿದ್ದರೆ ಸಿಗುತ್ತಿದ್ದರು. ಬೇಡದ ಕಡೆ ಮೂರು ಧಾರೆಯೆರೆದವನು ಬೇಕಾದ ಕಡೆ ಒಂದಕ್ಕೆ ಜಿಪುಣನಾಗಿದ್ದೆ.

“ಹೋಗಿ ಕರಕೊಂಡು ಬರ್ರಿ,” ಎಂದರು ಸಾಹೇಬರು. “ಇವರೆಲ್ಲರಿಗೂ ಊಟ ನಾ ಹಾಕಸ್ತೀನಿ.” ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಸ್ಸು ಹಿಡಿದು ಗಬ್ಬೂರಿನಲ್ಲಿ ಇಳಿದೆ. ಪಾನ್ ಅಂಗಡಿಯವನನ್ನು ಕೇಳಿದೆ. ಅವನು ಸುಣ್ಣ ಹಚ್ಚುತ್ತಿದ್ದ ಎಲೆಯಿಂದ ತಲೆ ಎತ್ತದೆ, “ಆ ನೀಲಿ ಬಾಗಲ,” ಎಂದ. ಹುಡುಕಾಟ ಮುಗಿಯಿತು.

ಮರಳುವ ಬಸ್ಸಿನಲ್ಲಿ ಶರಣಪ್ಪ ಮಾಸ್ತರರು ನನ್ನಿಂದ ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಒಮ್ಮೆಯೂ ನಗಲಿಲ್ಲ. ಕಲ್ಮಲಾ ದಾಟಿದ ಮೇಲೆ ಕೇಳಿದರು.

“ನಿಮ್ಮೂರು ಯಾವುದು?”

“ಮಾನ್ವಿ ಕಡಿ ಹಳ್ಳಿರಿ.”

“ನಿಮಗ ಅಕ್ಷರ ಕಲಿಸಿದವರು ಯಾರು?”

“ಛತ್ರಿ ಮಾಸ್ತರ್ ಅಂತಿದ್ವಿರಿ. ಯಾವಾಗ್ಲೂ ಛತ್ರಿ ಹಿಡಕೊಂಡೇ ಬರ್ತಿದ್ರು.”

“ಹೆಸರು?”

ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. “ಗೊತ್ತಿಲ್ರಿ,” ಎಂದೆ.

“ಛತ್ರಿ ಅಂತ ಹೊಡದು ನೋಡ್ರಿ,” ಎಂದರು ಮಾಸ್ತರರು.

ಸಂಜೆ ನಾಲ್ಕಕ್ಕೆ ಸಾಹೇಬರು ಸರಿಯಾದ ಕಾಲಿಗೆ ಬಿದ್ದರು. ಮಾಸ್ತರರು ಅವರ ತಲೆ ನೇವರಿಸಿ, “ಇವನ ‘ಳ’ ಯಾವಾಗಲೂ ಸೊಟ್ಟ,” ಎಂದಾಗ ಅಷ್ಟು ದೊಡ್ಡ ಅಧಿಕಾರಿ ಎಲ್ಲರೆದುರು ಕಣ್ಣೊರೆಸಿಕೊಂಡರು. ತಮಗೆ ಹೊದಿಸಿದ ಆ ಒಂದೇ ಶಾಲನ್ನು ಮಾಸ್ತರರು ತೆಗೆದು, “ಮಾನ್ವಿಯಿಂದ ಬಂದಾರ,” ಎಂದು ನನ್ನ ಕಡೆ ನೋಡುತ್ತ ಶಹರಬಾನು ಟೀಚರಿಗೆ ಹೊದಿಸಿದರು. ಉಳಿದವರು ಚಪ್ಪಾಳೆ ತಟ್ಟಿದರು. ನಾನೂ ಮೂಲೆಯಲ್ಲಿ ನಿಂತು ತಟ್ಟಿದೆ, ಸದ್ದಾಗದಂತೆ.

ಮರುದಿನ ಖಾಸಿಂಸಾಬನನ್ನು ಚಹಾ ತರಲು ಕಳಿಸಿ, ಕೋಣೆಯ ಬಾಗಿಲು ಮುಂದೆ ಮಾಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ‘ಛತ್ರಿ’ ಎಂದು ಹೊಡೆದು ನೋಡಿದೆ. ಹಿಂದೊಂದು, ಮುಂದೊಂದು ನಕ್ಷತ್ರ ಹಾಕಿಯೂ ನೋಡಿದೆ.

ಯಾರೂ ಸಿಗಲಿಲ್ಲ.