ಗಂಡಸರು ಅಳುವ ಪಾಳಿ

ನಮ್ಮ ಸೋದರಮಾವ ಮೂರು ತಾಲೂಕಿನ ಗಂಡಸರನ್ನು ಅಳಿಸಿದ್ದಾನೆ. ಹೀಗೆಂದ ಮಾತ್ರಕ್ಕೆ ಅವನೊಬ್ಬ ದೊಡ್ಡ ಪೈಲ್ವಾನನೆಂದು ತಿಳಿಯಬೇಡಿ. ಶಹಾಪುರದ ಬಸ್ ನಿಲ್ದಾಣದಲ್ಲಿ ಜೋರಾಗಿ ಗಾಳಿ ಬೀಸಿದರೆ ಕಂಬ ಹಿಡಿದು ನಿಲ್ಲುವ ಆಸಾಮಿ ಅವನು. ಯಾರಿಗೂ ಬಡಿಗೆ ತೋರಿಸಿದವನಲ್ಲ, ಯಾರ ಕಣ್ಣಿಗೂ ಖಾರದ ಪುಡಿ ಎರಚಿದವನಲ್ಲ. ಮರ್ಯಾದೆಯಿಂದ ಕರೆದು, ಚಾಪೆಯ ಮೇಲೆ ಕೂರಿಸಿ, ಚಹಾ ಕುಡಿಸಿ ಅಳಿಸಿದ್ದಾನೆ! ಅತ್ತವರು ಮೂಗು ಒರೆಸಿಕೊಂಡು, "ಮತ್ತ ಯಾವಾಗ ಇಟ್ಟೀರಿ?" ಎಂದು ಕೇಳಿಯೇ ಬಸ್ಸು ಹತ್ತಿದ್ದಾರೆ.

ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ಬೈಯುತ್ತಾನೆಂದಲ್ಲ, "ಹೆಸರು ಹಾಕೀದಿ, ಶಿಬಿರಕ್ಕ ಬರೋ ದಾರಿನೂ ಹಾಕು" ಎಂದು ಗಂಟುಬೀಳುತ್ತಾನೆಂದು.

ದೇವಾಪುರದ ಕಡೆಯ ಕಾಲುವೆಯಲ್ಲಿ ತೂಬು ತೆರೆದು ಮುಚ್ಚುವ ಕೆಲಸ ಮಾಡಿ ನಿವೃತ್ತನಾದವನು ಮಾವ. ಕಾಲುವೆಗೆ ನೀರು ಬಂದ ಮೊದಲ ವರ್ಷದಿಂದಲೂ ಅದರ ಏರಿಯ ಮೇಲೆ ಓಡಾಡಿ ಅವನ ಕಾಲಿಗೂ ಹರಿಯುವ ಚಟ ಹತ್ತಿತ್ತು. ಯಾದಗಿರಿಗೆಂದು ಟಿಕೆಟ್ ತೆಗೆಸಿದವನು ಏನೋ ನೆನಪಾಯಿತೆಂದು ಶಹಾಪುರದಲ್ಲೇ ಇಳಿದುಬಿಡುತ್ತಿದ್ದ. ಏನು ನೆನಪಾಯಿತೆಂಬುದು ಇಳಿದ ಮೇಲೆ ಮರೆತುಹೋಗುತ್ತಿತ್ತು! ಅಲ್ಲಿ ಗುಮಾಸ್ತನಾಗಿದ್ದ ನನ್ನ ಕಚೇರಿಗೆ ಬಂದು ಮೇಜಿನ ಸುತ್ತ ತಿರುಗುತ್ತಲೇ ಮಾತಾಡುತ್ತಿದ್ದ. ಅವನ ಮಾತಿಗೆ ತಲೆದೂಗುವವರಿಗೆ ಕುತ್ತಿಗೆ ನೋವು ಬರುತ್ತಿತ್ತು. ಇತ್ತೀಚೆಗೆ ಈ ಚಡಪಡಿಕೆ ಹೆಚ್ಚಾಗಿತ್ತು. ಕೆಲಸ ಬಿಟ್ಟವರಿಗೆ ಹೀಗಾಗುವುದು ಸಹಜವೆಂದು ನಾವೆಲ್ಲ ಸುಮ್ಮನಿದ್ದೆವು.

ಅವನು ನಿವೃತ್ತನಾದ ವರ್ಷವೇ ನಮ್ಮ ಅವ್ವ ತೀರಿಕೊಂಡಿದ್ದಳು. ಮಾವನಿಗೆ ಅವಳೊಬ್ಬಳೇ ಅಕ್ಕ, ಚಿಕ್ಕಂದಿನಲ್ಲಿ ಕಂಕುಳಲ್ಲಿ ಹೊತ್ತು ಸಾಕಿದವಳು. ಅವಳು ಹೋದ ದಿನ ನಮ್ಮ ಅಪ್ಪ ಒಂದು ಹನಿ ಕಣ್ಣೀರು ಹಾಕಲಿಲ್ಲ. ಆಮೇಲೂ ಅಷ್ಟೇ, ಬೆಳಿಗ್ಗೆ ಎದ್ದು ತಾನೇ ನಾಲ್ಕು ರೊಟ್ಟಿ ಬಡಿದುಕೊಂಡು, ಆಡು ಹೊಡೆದುಕೊಂಡು ಅಡವಿಗೆ ಹೋಗುವುದು, ಸಂಜೆ ಬಂದು ಕಟ್ಟೆಯ ಮೇಲೆ ಸುಮ್ಮನೆ ಕೂರುವುದು. ಯಾರಾದರೂ ಕೇಳಿದರೆ, "ಏನಾಗ್ಯದ? ಎಲ್ಲಾ ಬರೋಬ್ಬರಿ ಅದ" ಎನ್ನುತ್ತಿದ್ದ. ಊರೆಲ್ಲ ಅವನನ್ನು ಗಟ್ಟಿ ಮನುಷ್ಯನೆಂದು ಹೊಗಳಿತು. ಗಾಬರಿಯಾದವನು ಮಾವ ಒಬ್ಬನೇ.

"ಅಳಿಯಾ, ರೇಡಿಯೋದಾಗ ಡಾಕ್ಟರ್ ಹೇಳ್ಯಾರ. ಗಂಡಸು ಅಳಲಿಲ್ಲಂದ್ರ ಎದಿಗೆ ಕೆಟ್ಟಂತ. ನಿಮ್ಮಪ್ಪ ಅಳಬೇಕು ನೋಡು" ಎಂದ ನನ್ನ ಮೇಜಿಗೆ ಮೂರನೆಯ ಸುತ್ತು ಹಾಕುತ್ತಾ.

"ಅವಗ ಅಳು ಬರವಲ್ದು, ಏನು ಮಾಡೋಣು?"

"ಕಾಲುವಿ ಏರಿ ಒಡಿಯೋದು ನಾ ಕಂಡೀನಿ. ಮ್ಯಾಲ ಏನೂ ಕಾಣಂಗಿಲ್ಲ. ಒಳಗ ಇಲಿ ಬಿಲದಾಗಿಂದ ನೀರು ಹೊಂಟಿರ್ತದ. ಒಂದಿನ ಧಡ್ ಅಂತ ಹೋಗ್ತದ!"

"ಹಂಗಾದ್ರ ನೀನೇ ಹೋಗಿ ಮಾತಾಡು ಮಾವ."

"ಒಬ್ಬನ್ನ ಕರದು ಅಳಪಾ ಅಂದ್ರ ಅಳ್ತಾನೇನು? ಹತ್ತು ಮಂದಿ ನಡುವ ಕುಂದರಿಸಬೇಕು. ಹತ್ತು ಮಂದಿ ಅತ್ರ ಹನ್ನೊಂದನೇದವಗ ನಾಚಿಕಿ ಬಿಡ್ತದ."

ಹೀಗೆ ಒಬ್ಬ ಭಾವನನ್ನು ಅಳಿಸುವುದಕ್ಕಾಗಿ ಒಂದು ಶಿಬಿರವೇ ಹುಟ್ಟಿತು. ಕಾಲುವೆ ತೋಡುವ ಕಾಲದಲ್ಲಿ ಕಟ್ಟಿ ಬಿಟ್ಟುಹೋಗಿದ್ದ ಒಂದು ತಗಡಿನ ಶೆಡ್ಡು ಏರಿಯ ಪಕ್ಕದಲ್ಲಿತ್ತು. ಮಾವ ಅದನ್ನು ಗುಡಿಸಿ, ಸಾರಿಸಿ, ಚಾಪೆ ಹಾಸಿದ. ಸುರಪುರದ ಪೇಂಟರನಿಗೆ ಬೋರ್ಡು ಬರೆಯಲು ಹೇಳಿದ: "ಗಂಡಸರ ಮನಸ್ಸು ಹಗುರ ಮಾಡುವ ಶಿಬಿರ. ಎಲ್ಲಾ ಜಾತಿ, ಎಲ್ಲಾ ವಯಸ್ಸು, ಎಲ್ಲಾ ನಮೂನಿ ಗಂಡಸರಿಗೂ ಸ್ವಾಗತ." ಪೇಂಟರ್ ಬೇಚಾರಾ ಹುಟ್ಟಾ ಖಾನಾವಳಿಯ ಬೋರ್ಡು ಬರೆದು ಬೆಳೆದವನು. ಕೈ ಸುಮ್ಮನಿರಲಿಲ್ಲ. ಕೆಳಗೆ ಖಾಲಿ ಜಾಗ ಉಳಿದಿದೆಯೆಂದು, "ಫ್ಯಾಮಿಲಿ ರೂಮ್ ಇದೆ" ಎಂದೂ ಬರೆದುಬಿಟ್ಟ! ಮೊದಲ ಭಾನುವಾರ ಶಿಬಿರಕ್ಕೆ ಬಂದ ಮೊದಲಿಗರೆಂದರೆ ವಡಗೇರಾದ ಹೊಸ ಮದುಮಕ್ಕಳು, ಕೈಯಲ್ಲಿ ಸೂಟ್‌ಕೇಸು. ಮಾವ ಆ ಹುಡುಗನ ಮುಖ ನೋಡಿ, "ನಿನಗ ಇನ್ನೂ ಜರಾ ಟೈಮ್ ಅದಪಾ, ಒಂದೈದು ವರ್ಷ ಬಿಟ್ಟು ಬಾ" ಎಂದು ಚಹಾ ಕುಡಿಸಿ ಕಳಿಸಿದ.

ಶಿಬಿರವೇನೋ ಆಯಿತು. ಗಂಡಸರು ಮಾತಾಡುವುದು ಹೇಗೆ? ನಮ್ಮ ಕಡೆಯ ಗಂಡಸರು ಮಳೆ, ಬೆಲೆ, ಚುನಾವಣೆ ಇವುಗಳ ಬಗ್ಗೆ ಕೇಳದಿದ್ದರೂ ಹೇಳುತ್ತಾರೆ. "ಮನಸಿನ್ಯಾಗ ಏನದ?" ಎಂದರೆ ಬೀಡಿ ಹುಡುಕುತ್ತಾರೆ. ಮಾವನಿಗೆ ಗೊತ್ತಿದ್ದ ಕಾನೂನು ಒಂದೇ, ಕಾಲುವೆಯದು. ಅದನ್ನೇ ಇಲ್ಲಿಗೂ ತಂದ. ಕಾಲುವೆಯ ನೀರು ಹೊಲಗಳಿಗೆ ಪಾಳಿಯ ಪ್ರಕಾರ ಹೋಗುತ್ತದಲ್ಲ, ಹಾಗೆಯೇ ಇಲ್ಲಿ ಮಾತೂ ಪಾಳಿಯ ಪ್ರಕಾರ. ಮೇಲಿನವನು ಮೊದಲು ನೀರು ಹಾಯಿಸಿಕೊಂಡರೆ ಕೊನೆಯ ಹೊಲಕ್ಕೆ ಹನಿಯೂ ಮುಟ್ಟುವುದಿಲ್ಲ, ಆದ್ದರಿಂದ ಬಾಗಿಲ ಹತ್ತಿರ ನಾಚಿಕೊಂಡು ಕೂತವನದೇ ಮೊದಲ ಪಾಳಿ. ಇನ್ನೊಬ್ಬನ ಪಾಳಿಯಲ್ಲಿ ಬಾಯಿ ಹಾಕಿ ಬುದ್ಧಿ ಹೇಳಿದರೆ ಅದು ನೀರು ಕದ್ದಂತೆ. ನಮ್ಮ ಜನ ಊಟ ಬಿಟ್ಟಾರು, ಇನ್ನೊಬ್ಬರಿಗೆ ಬುದ್ಧಿ ಹೇಳುವುದನ್ನು ಬಿಟ್ಟಾರೆಯೇ? ಮೊದಲ ದಿನ ಮಾವ "ಕಳವು! ಕಳವು!" ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ.

ಆದರೆ ಅವನಿಗೆ ಹೊಳೆಯದ ಒಂದು ತೊಡಕಿತ್ತು. ನೀರಿನ ಪಾಳಿ ಗೊತ್ತಿದ್ದವರಿಗೆ ಪಾಳಿ ಅದಲುಬದಲು ಮಾಡುವುದೂ ಗೊತ್ತಿರುತ್ತದೆ! ಬಾಗಿಲ ಹತ್ತಿರ ಕೂತಿದ್ದ ಕುರಿಗಾರ ಎದ್ದು, "ನನಗ ಹೇಳೋದು ಏನೂ ಇಲ್ಲರಿ. ನನ್ನ ಪಾಳಿ ಮಾಸ್ತರ್ರು ತೊಗೊಳ್ಳಿ. ಬರೋ ಬೇಸ್ತವಾರ ಅವರ ಹೊಲದ ನೀರು ನನಗ ಬಿಡ್ಲಿ" ಎಂದ. ಪಕ್ಕದ ಹಳ್ಳಿಯ ಶಾಲೆಯ ಮಾಸ್ತರರಿಗೆ ಎದೆಯಲ್ಲಿ ಬೇಕಾದಷ್ಟು ಮಾತಿತ್ತು, ಕಾಲುವೆಯ ಕೆಳಗೆ ಭತ್ತದ ಗದ್ದೆಯೂ ಇತ್ತು. "ಆಗ್ಲಿ" ಎಂದರು. ಇದನ್ನು ಕಂಡು ಉಳಿದವರೂ ನೀರಿನ ಬದಲಿಗೆ ತಮ್ಮ ತಮ್ಮ ಪಾಳಿಯನ್ನು ಅವರಿಗೇ ಮಾರಿಕೊಂಡರು. ಮಾಸ್ತರರು ಹೊತ್ತು ಮುಳುಗುವವರೆಗೂ ತಮಗೆ ತಪ್ಪಿಹೋದ ಬಡ್ತಿಯ ಬಗ್ಗೆ ಮಾತಾಡಿ, ಅತ್ತು, ಹೂವಿನಷ್ಟು ಹಗುರಾಗಿ ಮನೆಗೆ ಹೋದರು. ಮುಂದಿನ ವಾರ ಅವರ ಹೆಂಡತಿ ಸೆರಗು ಕಟ್ಟಿಕೊಂಡು ಏರಿಯ ಮೇಲೆ ಬಂದಳು.

"ನಮ್ಮ ಭತ್ತ ಒಣಗಾಕತ್ತದ. ನಮ್ಮ ನೀರು ಎಲ್ಲಿ ಹೋತ್ರಿ?"

ಮಾವ ಕೈ ಮುಗಿದ. "ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ನಿಮ್ಮ ಯಜಮಾನ್ರು ಎಲ್ಲಾ ನೀರೂ ಮಾತಾಡಿಬಿಟ್ಟಾರ."

ಅಂದಿನಿಂದ ಶಿಬಿರದಲ್ಲಿ ಪಾಳಿ ಮಾರುವಂತಿಲ್ಲ ಎಂಬ ಹೊಸ ಕಾನೂನು ಬಂತು.

ಊಟದ್ದು ಇನ್ನೊಂದು ಪುರಾಣ. ಅಲ್ಲಿ ಒಂದೇ ಒಲೆ, ಒಂದೇ ಹಂಚು. ಯಾರ ಪಾಳಿಯೋ ಅವರು ರೊಟ್ಟಿ ಬಡಿಯಬೇಕು. "ಇದು ಯಾರ ಕೈ ರೊಟ್ಟಿ ಅಂತ ಕೇಳಂಗಿಲ್ಲ, ಕೇಳಿದವ ತಾನೇ ಬಡಕೊಂಡು ತಿನ್ನಬೇಕು" ಎಂದು ಮಾವ ಮೊದಲೇ ಸಾರಿದ್ದ. ಸೈದಾಪುರದ ಕಡೆಯಿಂದ ಬಂದ ಒಬ್ಬ ಹಿರಿಯರು, ಬಹಳ ಮಡಿಯವರು, ಕೇಳಿಯೇ ಬಿಟ್ಟರು. ಮಾವ ಮಾತಾಡದೆ ಹಿಟ್ಟಿನ ಡಬ್ಬಿ ಅವರ ಮುಂದಿಟ್ಟ. ಹಿರಿಯರು ಬೆವರು ಹರಿಸಿ ಏನನ್ನೋ ಬಡಿದರು, ಸುಟ್ಟರು. ಅದು ರೊಟ್ಟಿಯೆಂದು ಅವರೊಬ್ಬರೇ ಹೇಳುತ್ತಿದ್ದರು. ಅದರ ಅರ್ಧ ತಿಂದು, ಉಳಿದರ್ಧವನ್ನು ಬಹಳ ಹೊತ್ತು ನೋಡಿ, ಮುಂದಿನ ಸಲ ಬಂದಾಗ ಯಾರೋ ಕೊಟ್ಟ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ತೆಪ್ಪಗೆ ತಿಂದರು. ನೂರು ವರ್ಷದ ಮಡಿಗಿಂತ ತಮ್ಮ ಕೈ ರೊಟ್ಟಿಯ ಭಯವೇ ದೊಡ್ಡದಾಯಿತು!

ಇಷ್ಟೊಂದು ಗಂಡಸರು ಊರ ಹೊರಗಿನ ಶೆಡ್ಡಿನಲ್ಲಿ ಸೇರಿದರೆ ಸಂಶಯ ಬಾರದಿರುತ್ತದೆಯೇ? ಒಬ್ಬ ಪೊಲೀಸಪ್ಪ ಮೋಟಾರ್ ಸೈಕಲ್ ಏರಿ ಬಂದ. ಚಾಪೆ ಎತ್ತಿ ನೋಡಿದ, ಇಸ್ಪೀಟ್ ಇಲ್ಲ. ಒಲೆಯ ಹಿಂದೆ ನೋಡಿದ, ಬಾಟಲಿ ಇಲ್ಲ.

"ಕುಡ್ಯಾಂಗಿಲ್ಲ, ಆಡಾಂಗಿಲ್ಲ. ಮತ್ತ ಏನು ಮಾಡ್ತೀರಿ ಇಲ್ಲಿ?"

"ಅಳ್ತೀವ್ರಿ ಸಾಹೇಬ್ರ" ಎಂದ ಕುರಿಗಾರ.

ಪೊಲೀಸಪ್ಪನಿಗೆ ಸಂಶಯ ಇನ್ನೂ ಹೆಚ್ಚಾಯಿತು. ಕಣ್ಣಾರೆ ನೋಡಿಯೇ ಹೋಗುತ್ತೇನೆಂದು ಬಾಗಿಲ ಹತ್ತಿರ ಕೂತ. ಬಾಗಿಲ ಹತ್ತಿರ ಕೂತವನದು ಮೊದಲ ಪಾಳಿ! ಮಾವ ಬಿಟ್ಟಾನೆಯೇ? ಪೊಲೀಸಪ್ಪ ಮೊದಲು ನಕ್ಕ, ಆಮೇಲೆ ಗದರಿದ, ಆಮೇಲೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ದೂರದೂರಿನಲ್ಲಿರುವ ತನ್ನ ಮಗಳು ಈಗೀಗ ತನ್ನನ್ನು 'ಅಪ್ಪ' ಎನ್ನದೆ 'ಅವರು' ಎನ್ನುತ್ತಾಳೆಂದು ಹೇಳಿದ. ಯಾರೂ ನಗಲಿಲ್ಲ. ಮಾಸ್ತರರು ತಮ್ಮ ಟವೆಲ್ ಕೊಟ್ಟರು.

ಶಹಾಪುರದ ಟೇಲರ್ ಒಬ್ಬರು ತಪ್ಪದೆ ಬರುತ್ತಿದ್ದರು. ನಡುವಯಸ್ಸಿನವರು, ಮದುವೆಯಾಗಿರಲಿಲ್ಲ. ಅಳತೆ ಕೊಡಲು ಬಂದವರೆಲ್ಲ ಅವರಿಗೊಂದು ಹೆಣ್ಣು ತೋರಿಸಿಯೇ ಹೋಗುತ್ತಿದ್ದರಂತೆ. ಅವರು ಪ್ರತಿ ಸಲವೂ ತಮ್ಮ ಪಾಳಿಯಲ್ಲಿ ಬರೀ ಉಗುರು ನೋಡಿಕೊಳ್ಳುತ್ತಿದ್ದರು. ಒಂದು ದಿನ ತಲೆ ಎತ್ತದೆ ಹೇಳಿದರು: "ನನಗ ಹೆಂಗಸರ ಮ್ಯಾಲ ಮನಸಿಲ್ಲರಿ. ಮನಸು ಆದದ್ದು ಗಂಡಸರ ಮ್ಯಾಲೇ. ಹುಟ್ಟಾ ಹಿಂಗೇ ಇದೀನಿ. ಇದನ್ನ ಯಾರಿಗೂ ಹೇಳಿದ್ದಿಲ್ಲ."

ಎಲ್ಲರ ನಾಲಿಗೆಯ ತುದಿಗೂ ಒಂದೊಂದು ಬುದ್ಧಿಮಾತು ಬಂದು ನಿಂತಿತ್ತು. ಮಾವ ಒಬ್ಬೊಬ್ಬರನ್ನೇ ದುರುಗುಟ್ಟಿ ನೋಡಿ, "ನೀರು ಕದೀಬ್ಯಾಡ್ರಿ" ಎಂದ. ಕುರಿಗಾರ ಮೆಲ್ಲಗೆ ಕೈ ಎತ್ತಿದ.

"ಬುದ್ಧಿ ಅಲ್ಲರಿ, ಬ್ಯಾರೆ ಮಾತು. ಟೇಲರ್ ಸಾಹೇಬ್ರ, ನನ್ನ ಅಂಗಿ ಬಗಲಾಗ ಬಿಗಿ ಆಗ್ಯದ. ಜರಾ ಬಿಡಿಸಿ ಕೊಡ್ತೀರೇನು?"

ಟೇಲರ್ ಮೊದಲು ನಕ್ಕರು, ಆಮೇಲೆ ಅತ್ತರು. ಮಾವ ಚಹಾಕ್ಕೆ ನೀರಿಡಲು ಎದ್ದುಹೋದ. ಯಾರು ಅತ್ತರೂ ಮಾವ ಚಹಾಕ್ಕೆ ನೀರಿಡಲು ಎದ್ದುಹೋಗುತ್ತಿದ್ದ.

ಇಷ್ಟೆಲ್ಲ ಆದರೂ ಯಾರಿಗಾಗಿ ಈ ಶಿಬಿರವೋ ಅವನೇ ಬರಲಿಲ್ಲ! ಪ್ರತಿ ಸಲವೂ ಮಾವ ನನ್ನ ಮೂಲಕ ಕರೆ ಕಳಿಸುತ್ತಿದ್ದ. ಅಪ್ಪ, "ನಾ ಬಂದ್ರ ಆಡು ಯಾರು ಕಾಯಬೇಕು?" ಎನ್ನುತ್ತಿದ್ದ. ಮಾವ ಆಡುಗಳನ್ನೂ ಕರೆತರಬಹುದೆಂದು ಹೇಳಿ ಕಳಿಸಿದ. ಬೋರ್ಡಿಗೆ ಅದನ್ನೂ ಸೇರಿಸುತ್ತೇನೆಂದ. ಅಪ್ಪ ಜಗ್ಗಲಿಲ್ಲ. ಮಾವನ ಓಡಾಟ ಮಾತ್ರ ಹೆಚ್ಚಾಯಿತು. ತಿನ್ನುವುದೂ ನಿಂತೇ, ಕುಡಿಯುವುದೂ ನಿಂತೇ. ಗಲ್ಲ ಒಳಗೆ ಹೋಗಿತ್ತು. "ನಿಮ್ಮಪ್ಪ ಒಡೀತಾನ ಅಳಿಯಾ, ನಮ್ಮ ಕೈ ಮೀರ್ತದ" ಎನ್ನುವಾಗ ಅವನ ಧ್ವನಿಯೇ ಒಡೆದಿರುತ್ತಿತ್ತು. ನನಗೂ ಹೆದರಿಕೆ ಹತ್ತಿತು.

ಒಂದು ಚಳಿಗಾಲದ ಭಾನುವಾರ, ಬೆಳಿಗ್ಗೆ, ಯಾರೂ ಕರೆಯದಿದ್ದರೂ ಅಪ್ಪ ತಾನಾಗಿ ಬಂದ. ಹೆಗಲ ಮೇಲೆ ಕಂಬಳಿ. ಆಡುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದ್ದ. ನಾನು ಶೆಡ್ಡಿನಲ್ಲೇ ಇದ್ದೆ. ಮಾವನನ್ನು ಆಗ ನೋಡಬೇಕಿತ್ತು! ಗುಡಿಸಿದ್ದ ನೆಲವನ್ನೇ ಮತ್ತೆ ಗುಡಿಸಿದ, ಚಹಾಕ್ಕೆ ಒಮ್ಮೆ ಸಕ್ಕರೆ ಹಾಕಿ, ಮರೆತು ಇನ್ನೊಮ್ಮೆ ಹಾಕಿದ. ಅಪ್ಪ ಬಾಗಿಲ ಹತ್ತಿರವೇ ಕೂತ. ಮಾವ ಒಲೆಯ ಕಡೆ ಮುಖ ಮಾಡಿಕೊಂಡು, "ಮಾಮಾ, ನಿನ್ನ ಪಾಳಿ" ಎಂದ. ಅಕ್ಕನ ಗಂಡನನ್ನು ಅವನು ಮಾಮಾ ಎಂದೇ ಕರೆಯುವುದು.

ಅಪ್ಪ ಹೆಗಲ ಕಂಬಳಿ ಸರಿಮಾಡಿಕೊಂಡ. ಆಮೇಲೆ ಎಲ್ಲರನ್ನೂ ನೋಡಿ ಹೇಳಿದ: "ನಾ ಅಳಾಕ ಬಂದಿಲ್ಲರಿ. ನಾ ದಿನಾ ಅಳ್ತೀನಿ. ಅಡವಿಯೊಳಗ ಕುಂತು ಅಳ್ತೀನಿ. ಆಡು ಯಾರ ಮುಂದೂ ಹೇಳಂಗಿಲ್ಲ."

ಒಂದಿಬ್ಬರು ನಕ್ಕರು. ಅಪ್ಪ ನಗಲಿಲ್ಲ.

"ನಾ ಬಂದದ್ದು ಇವನ ಸಲುವಾಗಿ. ನನ್ನ ಹೆಂಡ್ತಿ ತಮ್ಮ ಇಂವ. ಇವನಕ್ಕ ಹೋದಾಗಿಂದ ನಮ್ಮ ಮನಿ ಒಳಗ ಕಾಲಿಟ್ಟಿಲ್ಲ. ಓಣಿ ತನಕ ಬರ್ತಾನ, ಹೊಳ್ಳಿ ಹೋಗ್ತಾನ. ಕಟ್ಟಿ ಮ್ಯಾಲ ಕುಂತು ದಿನಾ ನೋಡ್ತೀನಿ. ನಿಮ್ಮೆಲ್ಲಾರ ಮಾತು ಕೇಳ್ಯಾನ. ಇವನ ಮಾತು ಯಾರರೇ ಕೇಳೀರೇನು?"

ಯಾರೂ ಕೇಳಿರಲಿಲ್ಲ. ಅಪ್ಪ ಒಲೆಯ ಕಡೆ ತಿರುಗಿ, ಧ್ವನಿ ಇಳಿಸಿ ಕೇಳಿದ.

"ತಮ್ಮಾ, ನಿನ್ನಕ್ಕ ಇಲ್ಲ, ಖರೇ. ನಾನೂ ಇಲ್ಲೇನು?"

ಚಹಾ ಉಕ್ಕಿ ಒಲೆಗೆ ಬಿತ್ತು. ಮಾವ ಅದನ್ನು ಇಳಿಸಲಿಲ್ಲ. ಕೈಯಲ್ಲಿದ್ದ ಚಮಚ ಹಿಡಿದುಕೊಂಡೇ ಬಂದು ಅಪ್ಪನ ಮುಂದೆ ಕುಸಿದ. "ಹ್ಯಾಂಗ ಬರ್ಲಿ ಮಾಮಾ? ಒಳಗ ಕಾಲಿಟ್ರ 'ಬಂದ್ಯಾ?' ಅನ್ನಾಕ ಅಕ್ಕ ಇಲ್ಲಲ್ಲ!" ಎಂದವನು, ಮೂರು ತಾಲೂಕಿನ ಗಂಡಸರನ್ನು ಅಳಿಸಿದ ನಮ್ಮ ಮಾವ, ಸಣ್ಣ ಹುಡುಗನ ಹಾಗೆ ಬಾಯಿ ತೆರೆದು ಅತ್ತ. ಅಪ್ಪ ಕಂಬಳಿಯನ್ನು ತೆಗೆದು ಅವನಿಗೆ ಹೊದಿಸಿದ. ಮಡಿಯ ಹಿರಿಯರು ಎದ್ದುಹೋಗಿ ಹೊಸದಾಗಿ ಚಹಾಕ್ಕೆ ನೀರಿಟ್ಟರು. ನನ್ನ ಕಣ್ಣಿಗೂ ಏನೂ ಕಾಣಿಸಲಿಲ್ಲ.

ಆ ಸಂಜೆ ನಮ್ಮ ಮನೆಯಲ್ಲಿ ಅಪ್ಪ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ, ನಾನು ಪಕ್ಕದಲ್ಲಿದ್ದೆ. ಹೊರಗೆ ಚಪ್ಪಲಿ ಬಿಟ್ಟ ಸಪ್ಪಳವಾಯಿತು. ಆಮೇಲೆ ಎಷ್ಟು ಹೊತ್ತಾದರೂ ಯಾರೂ ಒಳಗೆ ಬರಲಿಲ್ಲ. ನಾನು ಏಳಲು ಹೋದೆ, ಅಪ್ಪ ಕಣ್ಣಲ್ಲೇ ಬೇಡವೆಂದ. ಹಿಟ್ಟಿನ ಕೈ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಆಡು ಕರೆಯುವ ತನ್ನ ಒರಟು ಧ್ವನಿಯಲ್ಲಿ ಬಾಗಿಲ ಕಡೆ ಕೂಗಿದ.

"ಬಂದ್ಯಾ?"

"ಬಂದೀನಿ ಮಾಮಾ" ಎಂದು ಮಾವ ತಲೆ ತಗ್ಗಿಸಿ ಒಳಗೆ ಬಂದ.